ಮನೆ ಗುಂಪು: ಕಾಕಾ ಕಳಿಸಿದ ಸಲಾಕೆ ಸುದ್ದಿ

ಧಾರವಾಡ ಕಾಕಾ: (ಫಾರ್ವರ್ಡ್, ಫೋಟೋ ಸಮೇತ) ಎಚ್ಚರ! ಕಾರಿನ ಹಿಂದಿನ ಚಕ್ರ ಹಿಡಿದಿರುವುದು ಬರೀ ಒಂದು ಕಬ್ಬಿಣದ ಸಲಾಕೆ. ವೆಲ್ಡಿಂಗ್ ಕೂಡ ಇಲ್ಲ. ಹಂಪ್ ಹಾರಿಸಿದರೆ ಚಕ್ರ ಕಿತ್ತು ಬರುತ್ತದೆ. ಎಲ್ಲರಿಗೂ ಕಳಿಸಿ.

ಧಾರವಾಡ ಕಾಕಾ: ಹೊಸ ಕಾರು ಅಂದರೆ ತಗಡು ಅಂತ ಮೊದಲೇ ಹೇಳಿದ್ದೆ. ಯಾರು ಕೇಳ್ತೀರಿ?

ನಾನು: ಕಾಕಾ, ಯಾವ ಕಾರು? ಯಾರು ಬರೆದದ್ದು? ಫೋಟೋದಲ್ಲಿ ಇರುವುದು ಹಳೇ ಪ್ಯೂಜೋ 309 ಕಾರಿನ ಹಿಂದಿನ ಆಕ್ಸಲ್, ಅಂದರೆ ಹಿಂದಿನ ಚಕ್ರಗಳನ್ನು ಹೊರುವ ಜೋಡಣೆ. ಆ ಕಾರು 1990ರ ದಶಕದಲ್ಲಿ ಮುಂಬೈ ಹತ್ತಿರ ಕಲ್ಯಾಣದಲ್ಲಿ ತಯಾರಾಗುತ್ತಿತ್ತು. ಹೊಸ ಕಾರು ಅಲ್ಲ.

ಉಣಕಲ್ ಅತ್ತೆ: ಅಯ್ಯೋ ದೇವರೇ. ನಾಳೆ ಯಾರೂ ಕಾರು ತೆಗೀಬೇಡಿ.

ನಾನು: ಅತ್ತೆ, ಹೆದರಬೇಡಿ. ಸಲಾಕೆ ಒಂದಲ್ಲ, ಎರಡು. ಟಾರ್ಷನ್ ಬಾರ್ ಅಂತಾರೆ. ಚಕ್ರಕ್ಕೊಂದು, ಅಡ್ಡಡ್ಡ ಇರುತ್ತವೆ. ಒಂದು ತುದಿ ಚಕ್ರ ಹಿಡಿದಿರುವ ತೋಳಿನಲ್ಲಿ, ಇನ್ನೊಂದು ತುದಿ ಎದುರು ಬದಿಯ ಬ್ರಾಕೆಟ್‌ನಲ್ಲಿ. ಎರಡೂ ತುದಿಗೆ ಹಲ್ಲು ಕೊರೆದಿರುತ್ತಾರೆ, ಸ್ಪ್ಲೈನ್ ಅಂತಾರೆ. ಹಲ್ಲಿಗೆ ಹಲ್ಲು ಕೂತರೆ ಜಾರಲ್ಲ, ಅದಕ್ಕೇ ವೆಲ್ಡಿಂಗ್ ಬೇಡ. ಚಕ್ರ ಮೇಲೆದ್ದರೆ ಸಲಾಕೆ ಒದ್ದೆ ಧೋತರ ಹಿಂಡಿದ ಹಾಗೆ ತಿರುಚಿ ಮತ್ತೆ ಮೊದಲಿನಂತಾಗುತ್ತದೆ. ಅದೇ ಸ್ಪ್ರಿಂಗ್. ತೋಳು ಆಡುವುದು ಆಕ್ಸಲ್‌ನ ಅಡ್ಡ ಟ್ಯೂಬಿನೊಳಗಿನ ಸೂಜಿ ಬೇರಿಂಗ್ (ಸೂಜಿಯಂಥ ಸಣ್ಣ ರೋಲರ್‌ಗಳ ಬೇರಿಂಗ್) ಮೇಲೆ.

ಧಾರವಾಡ ಕಾಕಾ: ಇಷ್ಟುದ್ದ ಯಾರು ಓದ್ತಾರೆ?

ದೊಡ್ಡಪ್ಪ: ಹಿರಿಯರು ಕಾಳಜಿಯಿಂದ ಕಳಿಸುತ್ತಾರೆ. ಎದುರು ಮಾತು ಬೇಡ. ಹಂಪ್ ಕಂಡಲ್ಲಿ ನಿಧಾನ ಹೋಗಬೇಕು, ಈಗಿನ ಹುಡುಗರಿಗೆ ತಾಳ್ಮೆ ಇಲ್ಲ.

ಹಾವೇರಿ ಅಕ್ಕ: ಅಜ್ಜನ ಅಂಬಾಸಿಡರ್ ನೆನಪಾಯ್ತು! ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಕಾಲ ಬುಡದಲ್ಲಿ ರೊಟ್ಟಿ ಗಂಟು, ತೊಡೆ ಮೇಲೆ ಒಬ್ಬರ ಮೇಲೊಬ್ಬರು. ಅದರಲ್ಲಿ ಇಂಥ ಸಲಾಕೆ ಇರಲಿಲ್ಲ.

ನಾನು: ಇತ್ತು ಅಕ್ಕ. ಮುಂದಿನ ಚಕ್ರಕ್ಕೆ ಟಾರ್ಷನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಪಟ್ಟಿ ಸ್ಪ್ರಿಂಗ್.

ಹಾವೇರಿ ಅಕ್ಕ: ಆ ಕಾರು ಮಾರಿದ್ದು ಯಾರು ಅಂತ ಎಲ್ಲರಿಗೂ ಗೊತ್ತು.

ಧಾರವಾಡ ಕಾಕಾ: ಈಗ ಅದನ್ನು ಯಾಕೆ ತೆಗೀತೀ? ರಿಪೇರಿ ಖರ್ಚು ಕೊಟ್ಟವನು ನಾನು.

ಉಣಕಲ್ ಅತ್ತೆ: ಖರ್ಚು ಕೊಟ್ಟರೆ ಕೇಳದೇ ಮಾರಬಹುದಾ ಅಣ್ಣಾ? ಅಪ್ಪನ ಕಾರು ಅದು. ನನಗೆ ಒಂದು ಮಾತು ಹೇಳಲಿಲ್ಲ.

ದೊಡ್ಡಪ್ಪ: ಗುಂಪಿನಲ್ಲಿ ಇದು ಬೇಡ.

ನಾನು: ಕಾಕಾ, ನಿಮ್ಮ ಬಲೆನೊ ಕಾರಿಗೆ ಆ ಸಲಾಕೆಯೇ ಇಲ್ಲ. ಅದರಲ್ಲಿ ಇರುವುದು ಟಾರ್ಷನ್ ಬೀಮ್. ಎರಡೂ ತೋಳು ಸೇರಿಸುವ ಅಡ್ಡ ತೊಲೆ ಅದು, ಸ್ಪ್ರಿಂಗ್ ಬೇರೆ. ಅದನ್ನು ಕಾರಿನ ಬಾಡಿಯ ತಳಕ್ಕೆ ಬುಷ್ (ರಬ್ಬರ್ ಬಳೆ) ಹಾಕಿ ಬೋಲ್ಟ್ ಬಿಗಿದಿರುತ್ತಾರೆ. ಹೆಸರು ಹತ್ತಿರ ಅಂತ ಸುಮ್ನೆ ಹೆದರಿಸಿದ್ದಾರೆ. 309ರಲ್ಲಿ ನಿಜವಾಗಿ ನೋಡಬೇಕಾದ್ದು ಬೇರೆ: ಟ್ಯೂಬಿಗೆ ನೀರು ಹೋಗಿ ಬೇರಿಂಗ್ ಸವೆಯುತ್ತದೆ. ಆಗ ಹಿಂದಿನ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ. ಹಿಂದಿನಿಂದ ನೋಡಿದರೆ ಬರಿಗಣ್ಣಿಗೇ ಕಾಣುತ್ತದೆ.

ಧಾರವಾಡ ಕಾಕಾ: ಮತ್ತೆ ನನ್ನ ಕಾರು ಹಿಂದೆ ಟಕ್ ಟಕ್ ಅನ್ನುತ್ತದಲ್ಲ?

ನಾನು: ಬುಷ್ ಇರಬಹುದು, ಶಾಕ್ ಅಬ್ಸಾರ್ಬರ್ ಇರಬಹುದು. ಗೋಕುಲ ರೋಡಿನ ಗ್ಯಾರೇಜಿಗೆ ತನ್ನಿ, ಲಿಫ್ಟ್ ಮೇಲೆ ಹಾಕಿ ತೋರಿಸುತ್ತೇನೆ.

ಧಾರವಾಡ ಕಾಕಾ: ನಾಳೆ ಬೆಳಗ್ಗೆ ಬರ್ತೀನಿ.

ಉಣಕಲ್ ಅತ್ತೆ: ಹಾದಿಯಲ್ಲೇ ನಮ್ಮನೆ. ಒಳಗೆ ಬಂದು ಹೋಗು ಅಣ್ಣಾ, ಕಾರಿನ ಮಾತು ಇನ್ನೂ ಮುಗಿದಿಲ್ಲ.