ಬೆಂಗಳೂರಿನಲ್ಲಿ ಪಾರ್ಕಿಂಗ್ ನಿಯಮಗಳನ್ನು ತಿಳಿದುಕೊಳ್ಳುವುದು ಹೇಗೆ? – ಅನುಭವ ಹಂಚಿಕೆ

ಪ್ರಶ್ನೆ: ವರ್ಗಾವಣೆಯಾಗಿ ಶಿವಮೊಗ್ಗದಿಂದ ಬೆಂಗಳೂರಿಗೆ ಬರುತ್ತಿದ್ದೇನೆ. ನೋಡಿರುವ ಬಾಡಿಗೆ ಮನೆಯಲ್ಲಿ ಕಾರಿಗೆ ಜಾಗವಿಲ್ಲ, ಬೀದಿಯಲ್ಲೇ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸಬಹುದು, ಎಲ್ಲಿ ಕೂಡದು ಎಂಬುದನ್ನು ದಂಡ ಕಟ್ಟುವ ಮೊದಲೇ ತಿಳಿಯುವ ದಾರಿಯನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಬಸವನಗುಡಿಯಿಂದ: ಫಲಕ ಇಲ್ಲದ ಕಡೆ ನಿಲ್ಲಿಸಬಹುದು ಎಂಬ ನಂಬಿಕೆಯನ್ನು ಮೊದಲು ಬಿಡಿ. ಹೆಚ್ಚಿನ ನಿಷೇಧಗಳಿಗೆ ಫಲಕವೇ ಬೇಕಿಲ್ಲ. 2017ರ ಮೋಟಾರು ವಾಹನಗಳ ಚಾಲನಾ ನಿಯಮಗಳ ಪ್ರಕಾರ ಪಾದಚಾರಿ ಮಾರ್ಗದ ಮೇಲೆ, ಬಸ್ ನಿಲ್ದಾಣದಲ್ಲಿ, ಪರರ ಗೇಟಿನ ಮುಂದೆ, ಕೂಡುರಸ್ತೆಯ ಹಿಂದೆ ಮುಂದೆ 50 ಮೀಟರ್ ಒಳಗೆ ವಾಹನ ನಿಲ್ಲಿಸುವಂತಿಲ್ಲ. ಮೂವತ್ತು–ನಲವತ್ತರ ನಿವೇಶನಗಳ ಬೀದಿಯಲ್ಲಿ 50 ಮೀಟರ್ ಎಂದರೆ ಐದು ಮನೆಗಳ ಅಗಲ. ಅಕ್ಷರಶಃ ಪಾಲಿಸಿದರೆ ನಮ್ಮ ಹಳೆಯ ಬಡಾವಣೆಗಳ ಚಿಕ್ಕ ಅಡ್ಡರಸ್ತೆಗಳಲ್ಲಿ ಕಾರಿಗೆ ಜಾಗವೇ ಉಳಿಯುವುದಿಲ್ಲ. ಎಲ್ಲರೂ ನಿಲ್ಲಿಸುತ್ತಾರೆ ಎಂಬುದು ನಿಜ, ಆದರೆ ದೂರು ಬಂದ ದಿನ ಆ ಮಾತು ಉತ್ತರವಾಗುವುದಿಲ್ಲ.

ನಿಮಗೆ ಇನ್ನೂ ಮುಖ್ಯವಾದದ್ದು ಮೋಟಾರು ವಾಹನ ಕಾಯ್ದೆಯ 127ನೇ ಕಲಂ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಯಾರ ನಿಗಾವೂ ಇಲ್ಲದೆ ಬಿಟ್ಟ ವಾಹನವನ್ನು, ಹಾಗೆಯೇ ನಿಷೇಧಿತ ಸ್ಥಳದಲ್ಲಿ ನಿಲ್ಲಿಸಿದ ವಾಹನವನ್ನು, ಟೋಯಿಂಗ್ ಮಾಡಿಸಲು ಅಥವಾ ಚಕ್ರಕ್ಕೆ ಲಾಕ್ ಹಾಕಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅದು ಅಧಿಕಾರ ನೀಡುತ್ತದೆ. ರಜೆಗೆ ಊರಿಗೆ ಹೋಗುವಾಗ ಕಾರನ್ನು ಬೀದಿಯಲ್ಲಿ ಬಿಡಬೇಡಿ.

ರಾಜಾಜಿನಗರದಿಂದ: ಫಲಕಗಳ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ನೀಲಿ ವೃತ್ತದ ಮೇಲೆ ಒಂದೇ ಕೆಂಪು ಓರೆಗೆರೆಯಿದ್ದರೆ ಪಾರ್ಕಿಂಗ್ ಮಾತ್ರ ನಿಷೇಧ. ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿದ್ದರೆ ಯಾರನ್ನಾದರೂ ಇಳಿಸಲೂ ನಿಲ್ಲಿಸುವಂತಿಲ್ಲ. ಕೆಲವು ರಸ್ತೆಗಳಲ್ಲಿ ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ಎಂಬ ವ್ಯವಸ್ಥೆಯಿದೆ. ರಾತ್ರಿ ಸರಿಯಾದ ಬದಿಯಲ್ಲಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ತಪ್ಪು ಬದಿಯಲ್ಲಿರುತ್ತದೆ. ಇನ್ನು ಮನೆಯವರೇ ಗೇಟಿಗೆ ತೂಗುಹಾಕುವ ‘ಗಾಳಿ ತೆಗೆಯಲಾಗುವುದು’ ಎಂಬ ಬೋರ್ಡಿಗೆ ಕಾನೂನಿನ ಬಲವಿಲ್ಲ, ರಸ್ತೆಯಲ್ಲಿಟ್ಟ ಹೂಕುಂಡಗಳಿಗೂ ಇಲ್ಲ. ಹಾಗೆಂದು ಗೇಟಿಗೆ ಅಡ್ಡ ನಿಲ್ಲಿಸಿದರೆ ತಪ್ಪು ನಿಮ್ಮದೇ. ಅಕ್ಕಪಕ್ಕದವರನ್ನು ಮೊದಲೇ ಮಾತನಾಡಿಸಿಟ್ಟುಕೊಳ್ಳುವುದು ಎಷ್ಟೋ ಕಾನೂನಿಗಿಂತ ಮೇಲು.

ವಿಜಯನಗರದಿಂದ: ಆರ್‌ಸಿಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಈಗಲೂ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಕ್ಯಾಮೆರಾ ದಾಖಲಿಸಿದ ದಂಡದ ಸಂದೇಶ ಇನ್ನಾರಿಗೋ ಹೋಗುತ್ತದೆ. ವಿಳಾಸ ಬದಲಾದ 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂಬ ನಿಯಮವೂ ಇದೆ. ಬಾಕಿ ದಂಡವನ್ನು ಸಂಚಾರ ಪೊಲೀಸರ ಜಾಲತಾಣದಲ್ಲಾಗಲಿ ಬೆಂಗಳೂರು ಒನ್ ಕೇಂದ್ರದಲ್ಲಾಗಲಿ ಕಟ್ಟಬಹುದು. 2023ರ ಫೆಬ್ರವರಿಯಲ್ಲಿ ಶೇ. 50 ರಿಯಾಯಿತಿ ಸಿಕ್ಕಿತೆಂದು ಮತ್ತೆ ಅಂಥದ್ದಕ್ಕೆ ಕಾಯುತ್ತಾ ಕೂರುವವರ ಸಲಹೆಯನ್ನು ಮಾತ್ರ ಕೇಳಬೇಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ನಾನು ನೋಡಿದ ಮನೆ ತಿರುವಿನಿಂದ ಎರಡನೆಯದು. ಮುಂಗಡ ಇನ್ನೂ ಕೊಟ್ಟಿಲ್ಲವಾದ್ದರಿಂದ, ಬಾಡಿಗೆ ತುಸು ಹೆಚ್ಚಾದರೂ ಕಾರಿಗೆ ಜಾಗವಿರುವ ಬೇರೆ ಮನೆ ನೋಡುತ್ತೇನೆ.