ನಾಯಿಗೆ ಏನಾಗಿದೆ ಅಂತಲೇ ಗೊತ್ತಾಗ್ತಿಲ್ಲ, ಬಿಲ್ ಮಾತ್ರ ಏರ್ತಿದೆ. ಅನುಭವ ಇದ್ದವರು ಹೇಳಿ

ಪ್ರಶ್ನೆ (ದಾವಣಗೆರೆ, ವಿದ್ಯಾನಗರ)
ನಮ್ಮ ಲ್ಯಾಬ್ರಡಾರ್‌ಗೆ ಆರು ವರ್ಷ. ಎರಡು ವಾರದ ಮೇಲಾಯಿತು, ಸಪ್ಪಗಿದೆ, ಊಟ ಮುಟ್ಟುತ್ತಿಲ್ಲ. ಹೋದಾಗಲೆಲ್ಲ ಜ್ವರ ಅಂತ ಇಂಜೆಕ್ಷನ್ ಹಾಕುತ್ತಾರೆ. ಎರಡು ದಿನ ಓಡಾಡಿಕೊಂಡಿರುತ್ತದೆ, ಮತ್ತೆ ಮಲಗುತ್ತದೆ. ಎಂಟು ಸಾವಿರ ಖರ್ಚಾಯಿತು. ಬೆಂಗಳೂರಿಗೇ ಕರೆದುಕೊಂಡು ಹೋಗಬೇಕಾ?

ಉತ್ತರ (ದಾವಣಗೆರೆ, ನಿಟ್ಟುವಳ್ಳಿ)
ಬೆಂಗಳೂರು ಆಮೇಲೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಎರಡು ದಿನ ಚೆನ್ನಾಗಿದ್ದು ಮತ್ತೆ ಮಲಗುತ್ತದೆ ಅಂದಿರಲ್ಲ, ನನಗೆ ಅನುಮಾನ ಅಲ್ಲೇ. ನಮ್ಮ ನಾಯಿಗೂ ಹೀಗೇ ಆಗುತ್ತಿತ್ತು. ಆ ಇಂಜೆಕ್ಷನ್‌ಗಳ ಜೊತೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ ಹೋಗುತ್ತಿತ್ತು. ಸ್ಟಿರಾಯ್ಡ್ ಬಿದ್ದರೆ ಜ್ವರ ಇಳಿಯುತ್ತದೆ, ಹಸಿವಾಗುತ್ತದೆ, ಬಾಲ ಅಲ್ಲಾಡಿಸುತ್ತದೆ. ನಾವು ವಾಸಿಯಾಯ್ತು ಅಂದ್ಕೊಳ್ತೀವಿ. ರೋಗ ಒಳಗೆ ಹಾಗೇ ಇರುತ್ತದೆ. ರಕ್ತದ ಬಿಳಿ ಕಣಗಳ ಲೆಕ್ಕವನ್ನೂ ಅದು ಏರುಪೇರು ಮಾಡುತ್ತದೆ. ಹಾಗಾಗಿ ಇದುವರೆಗೆ ಏನೇನು ಹಾಕಿದರು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳೋಕೆ ಸಂಕೋಚ ಬೇಡ, ದುಡ್ಡು ಕೊಡೋದು ನೀವು.

ಕೊನೆಗೆ ನಮ್ಮದು ಟಿಕ್ ಫೀವರ್ ಅಂತ ಗೊತ್ತಾಯಿತು, ಅಂದರೆ ಉಣುಗು ಕಚ್ಚಿ ಬರುವ ರೋಗ. ಅಷ್ಟರಲ್ಲಿ ವಸಡು ಬಿಳಿಚಿಕೊಂಡಿತ್ತು, ಮೂಗಿನಲ್ಲಿ ರಕ್ತ ಬಂದಿತ್ತು. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಕುಸಿದಾಗ ಹಾಗೆ ರಕ್ತ ಬರುತ್ತದೆ. ಆರೋಗ್ಯವಾಗಿರುವ ನಾಯಿಯಲ್ಲಿ ಅದು ಸುಮಾರು 2ರಿಂದ 5 ಲಕ್ಷ ಇರಬೇಕು. ಇದರಲ್ಲಿ ಎರಡು ಬಗೆ ನೆನಪಿಡಿ. ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ ಆದರೆ ಡಾಕ್ಸಿಸೈಕ್ಲಿನ್ ಮಾತ್ರೆ, ಸಾಮಾನ್ಯವಾಗಿ 28 ದಿನ. ಮಧ್ಯದಲ್ಲಿ ಚೆನ್ನಾಯಿತು ಅಂತ ನಿಲ್ಲಿಸಬಾರದು. ಕೆಂಪು ರಕ್ತಕಣದೊಳಗೆ ಸೇರುವ ಬಬೇಸಿಯಾ ಅನ್ನೋ ಪರಾವಲಂಬಿ ಆದರೆ ಅದೊಂದೇ ಮಾತ್ರೆಗೆ ಹೋಗಲ್ಲ, ಔಷಧಿಯೇ ಬೇರೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ಓಡಿ. ಹೊಟ್ಟೆ ಉರಿಯೋದು ಏನು ಗೊತ್ತಾ? ಡಾಕ್ಸಿಸೈಕ್ಲಿನ್ ಅಗ್ಗದ ಮಾತ್ರೆ. ನಮ್ಮ ದುಡ್ಡೆಲ್ಲ ಹೋಗಿದ್ದು ರೋಗದ ಹೆಸರು ಗೊತ್ತಾಗುವ ಮುಂಚೆ.

ರಕ್ತವನ್ನು ಮನುಷ್ಯರ ಲ್ಯಾಬ್‌ಗೆ ಕಳಿಸಿದರೆ ಅಲ್ಲಿಯ ಮೆಷಿನ್ ನಾಯಿಯ ಕಣಗಳನ್ನು ತಪ್ಪಾಗಿ ಎಣಿಸಬಹುದು. ಸ್ಲೈಡ್ ಮೇಲೆ ರಕ್ತ ಸವರಿ ಕಣ್ಣಿಂದ ನೋಡಿ ಅಂತ ಹೇಳಿ. ಬಬೇಸಿಯಾ ಅನುಮಾನ ಇದ್ದರೆ ಕಿವಿಯ ತುದಿಯಿಂದ ತೆಗೆದ ಹನಿ ಒಳ್ಳೆಯದು. ಸ್ಲೈಡ್‌ನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ. ಆಗ ಕಿಟ್ ಟೆಸ್ಟ್ ಅಥವಾ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಬೇಕು.

ಇಲ್ಲಿ ಆಗಲಿಲ್ಲ ಅಂದರೂ ಬೆಂಗಳೂರು ಸುಮಾರು 260 ಕಿ.ಮೀ. ಸುಸ್ತಾದ ನಾಯಿಗೆ ಅದು ಬೇಡ. ಶಿವಮೊಗ್ಗದಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲೇ ಆಸ್ಪತ್ರೆಯೂ ಇದೆ. ಹೊನ್ನಾಳಿ ಮೇಲೆ ಹೋದರೆ ಹತ್ತಿರ.

ಉತ್ತರ (ಚಿತ್ರದುರ್ಗ)
ಹೆಣ್ಣೋ ಗಂಡೋ ಹೇಳಲೇ ಇಲ್ಲ ನೀವು. ಹೆಣ್ಣಾಗಿದ್ದು ಆಪರೇಷನ್ ಆಗಿಲ್ಲ ಅಂದರೆ ಬೆದೆಗೆ ಬಂದು ಎಷ್ಟು ದಿನವಾಯಿತು ಲೆಕ್ಕ ಹಾಕಿ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬಬಹುದು. ಪಯೋಮೆಟ್ರಾ ಅಂತಾರೆ. ಜಾಸ್ತಿ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ವಾಂತಿ ಮಾಡುತ್ತದೆ. ಎಲ್ಲ ನಾಯಿಗೂ ಕೀವು ಹೊರಗೆ ಸುರಿಯಲ್ಲ, ಅದೇ ಮೋಸ. ನಮ್ಮಕ್ಕನ ಮನೆ ನಾಯಿಗೆ ಗ್ಯಾಸ್ಟ್ರಿಕ್ ಅಂತ ಔಷಧಿ ಕೊಡುತ್ತಲೇ ಇದ್ದರು. ಹೊಟ್ಟೆ ಸ್ಕ್ಯಾನ್ ಮಾಡಿದ ದಿನ ಗೊತ್ತಾಯಿತು. ಆಪರೇಷನ್ ಮಾಡಿ ಉಳಿಸಿದರು.

ಉತ್ತರ (ದಾವಣಗೆರೆ, ಮೆಡಿಕಲ್ ಶಾಪ್ ನಡೆಸುವವನು)
ಡಾಕ್ಟರ ಪರ ಒಂದು ಮಾತು. ಟೆಸ್ಟ್ ಬರೆದುಕೊಟ್ಟರೆ ‘ಅದೆಲ್ಲ ಯಾಕೆ ಸರ್, ಸುಮ್ನೆ ಒಂದು ಇಂಜೆಕ್ಷನ್ ಹಾಕಿ’ ಅನ್ನೋ ಜನ ನಮ್ಮಲ್ಲಿ ಕಡಿಮೆ ಇಲ್ಲ. ಅವರೂ ರೂಢಿ ಮಾಡಿಕೊಂಡುಬಿಡುತ್ತಾರೆ. ನೀವೇ ಮುಂಚೆ ಹೇಳಿ: ‘ಸರ್, ನನ್ನ ಹತ್ರ ಇಷ್ಟು ದುಡ್ಡಿದೆ. ಇದರಲ್ಲಿ ಮೊದಲು ಯಾವ ಟೆಸ್ಟ್ ಮಾಡಿದರೆ ಉಪಯೋಗ?’ ಹಾಗೆ ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರನ್ನು ನಾನು ನೋಡಿಲ್ಲ.

ಇನ್ನೊಂದು. ಜ್ವರ ಅಂತ ಮನೆಯಲ್ಲಿರೋ ಐಬುಪ್ರೊಫೇನ್, ಆಸ್ಪಿರಿನ್ ಕೊಡಬೇಡಿ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ರಕ್ತಸ್ರಾವ ಹೆಚ್ಚುತ್ತದೆ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ವಿಷ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ನಮ್ಮದು ಗಂಡು. ಈಗ ನೋಡಿದೆ, ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಇವೆ. ವಾರಕ್ಕೊಮ್ಮೆ ಶಾಂಪೂ ಹಾಕುತ್ತೇವೆ, ಆದರೂ ಎಲ್ಲಿಂದ ಬರುತ್ತವೆ? ನಾಳೆ ಬೆಳಿಗ್ಗೆ ರಕ್ತ ಕೊಡುತ್ತೇವೆ.

ಉತ್ತರ (ದಾವಣಗೆರೆ, ನಿಟ್ಟುವಳ್ಳಿ)
ಶಾಂಪೂ ಸಾಲಲ್ಲ. ನಾಯಿಗೆ ಹತ್ತುವ ಈ ಕಂದು ಉಣುಗು ಮನೆಯೊಳಗೇ ಬದುಕುತ್ತದೆ. ರಕ್ತ ಕುಡಿದು ಉದುರಿದ ಹೆಣ್ಣು ಗೋಡೆ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿ ಮಲಗುವ ಚೀಲ, ಹಾಸಿಗೆ ಕುದಿನೀರಲ್ಲಿ ಒಗೆಯಿರಿ, ಬಿರುಕುಗಳಿಗೆ ಸಿಮೆಂಟ್ ಮೆತ್ತಿಸಿ. ತೂಕ ನೋಡಿ ಕೊಡುವ ಉಣುಗಿನ ಮಾತ್ರೆ ಇದೆ, ಡಾಕ್ಟರನ್ನೇ ಕೇಳಿ. ಕಿತ್ತ ಉಣುಗನ್ನು ಬೆರಳಲ್ಲಿ ಹಿಸುಕಬೇಡಿ, ಸೋಪಿನ ನೀರಿಗೆ ಹಾಕಿ. ರಿಪೋರ್ಟ್ ಬಂದ ಮೇಲೆ ಪ್ಲೇಟ್‌ಲೆಟ್ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.