ಚಾರ್ಜರ್ ಚುಚ್ಚಿದರೆ ಅದರ ಲೈಟೇ ಆರಿಹೋಗುತ್ತದೆ, ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ

ಪ್ರಶ್ನೆ: ಸರ್, ನಮಸ್ಕಾರ. ಐದು ವರ್ಷದ ಲ್ಯಾಪ್‌ಟಾಪ್, ರಾತ್ರಿ ಸರಿಯಾಗಿಯೇ ಶಟ್‌ಡೌನ್ ಮಾಡಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಸತ್ತೇಹೋಗಿದೆ. ಫ್ಯಾನ್ ಇಲ್ಲ, ಲೈಟ್ ಇಲ್ಲ, ಏನೂ ಇಲ್ಲ. ವಿಚಿತ್ರ ಅಂದರೆ ಚಾರ್ಜರ್ ಚುಚ್ಚಿದರೆ ಅರ್ಧ ಸೆಕೆಂಡಿನಲ್ಲಿ ಚಾರ್ಜರಿನ ಲೈಟೇ ಆರುತ್ತದೆ, ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಉರಿಯುತ್ತದೆ. ರಿಪೇರಿಯವರೊಬ್ಬರು ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ಪ್ರೋಗ್ರಾಂ) ಹೋಗಿದೆ, ಫ್ಲ್ಯಾಶ್ ಮಾಡಬೇಕು, ಅಂದರೆ ಅದನ್ನು ಮತ್ತೆ ಬರೆಯಬೇಕು ಅಂದರು. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಸ್ವಲ್ಪ ಬರುತ್ತದೆ. ನಾನೇ ನೋಡಬಹುದಾ?

ಉತ್ತರ: ನೋಡಬಹುದು. ಆದರೆ ಬಯೋಸ್ ವಿಷಯ ಈಗಲೇ ಮರೆತುಬಿಡಿ. ಬಯೋಸ್ ಹಾಳಾದರೆ ಚಾರ್ಜರಿನ ಲೈಟ್ ಯಾಕೆ ಆರಬೇಕು? ಆ ಲೈಟ್ ಆರುವುದು ಬೋರ್ಡಿನಲ್ಲಿ ಎಲ್ಲೋ ಶಾರ್ಟ್ ಆಗಿದೆ, ಅಂದರೆ ಕರೆಂಟ್ ಅಡ್ಡದಾರಿಯಲ್ಲಿ ನೇರ ಗ್ರೌಂಡ್‌ಗೆ (ನೆಗೆಟಿವ್ ಕಡೆಗೆ) ಹರಿಯುತ್ತಿದೆ ಅಂತ, ಚಾರ್ಜರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಅಷ್ಟೇ. ನೀವು ಹೇಳಿದ ಆ ಅರ್ಧ ಸೆಕೆಂಡು ಕೂಡ ಒಂದು ಸುಳಿವು. ಜ್ಯಾಕ್ ಪಕ್ಕದಲ್ಲೇ ಶಾರ್ಟ್ ಇದ್ದಿದ್ದರೆ ಸಾಮಾನ್ಯವಾಗಿ ಚುಚ್ಚಿದ ಕ್ಷಣವೇ ಆರುತ್ತಿತ್ತು. ಜ್ಯಾಕ್ ದಾಟಿದ ಮೇಲೆ ಎರಡು ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಇರುತ್ತವೆ, ಒಂಥರಾ ಬಾಗಿಲು. ಚಾರ್ಜಿಂಗ್ ನೋಡಿಕೊಳ್ಳುವ ಐಸಿ (ಚಿಪ್) ಚಾರ್ಜರಿನ 19 ವೋಲ್ಟ್ ಸರಿ ಇದೆಯಾ ಅಂತ ನೋಡಿಯೇ ಆ ಬಾಗಿಲು ತೆಗೆಯುತ್ತದೆ. ತೆಗೆದ ಕೂಡಲೇ ಬೀಳುತ್ತಿದೆ ಅಂದರೆ ಶಾರ್ಟ್ ಬಾಗಿಲಿನ ಒಳಗಡೆ ಇರಬೇಕು.

ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತುಬಿಡಿ, ಚಾರ್ಜರೂ ಬೇಡ, ಪವರ್ ಬಟನ್ ಇಪ್ಪತ್ತು ಸೆಕೆಂಡು ಒತ್ತಿ ಹಿಡಿಯಿರಿ. ಆಮೇಲೆ ಆ ಮಾಸ್‌ಫೆಟ್‌ಗಳ ಪಕ್ಕ ಸ್ವಲ್ಪ ದಪ್ಪನೆಯ ರೆಸಿಸ್ಟರ್ ಹುಡುಕಿ, ಮೇಲೆ ‘ಆರ್010’ ಅಥವಾ ‘ಆರ್005’ ಅಂತ ಇರುತ್ತದೆ. ಅಲ್ಲಿಂದ ಗ್ರೌಂಡ್‌ಗೆ ಎಷ್ಟು ಓಮ್ ಬರುತ್ತದೆ, ಜ್ಯಾಕಿನ ಪಾಸಿಟಿವ್‌ನಿಂದ ಗ್ರೌಂಡ್‌ಗೆ ಎಷ್ಟು, ಎರಡೂ ಹೇಳಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಎಷ್ಟು ತೋರಿಸುತ್ತದೆ ಅನ್ನುವುದನ್ನೂ ಬರೆಯಿರಿ. ಇದನ್ನು ಯಾರೂ ಹೇಳುವುದಿಲ್ಲ, ಆಮೇಲೆ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಜ್ಯಾಕಿನಲ್ಲಿ ಕಿಲೋ ಓಮ್‌ನಲ್ಲಿ ಬರುತ್ತಿದೆ. ರೆಸಿಸ್ಟರ್ ಹತ್ತಿರ 0.9 ಓಮ್. ಕಡ್ಡಿಗಳು ತಾಗಿದಾಗಲೇ 0.3.

ಉತ್ತರ: ಹಾಗಾದರೆ ನಿಜವಾದ ಲೆಕ್ಕ 0.6. ಇದು ಮುಖ್ಯ ಲೈನ್, ಎಲ್ಲಾ ಭಾಗಕ್ಕೂ ಪವರ್ ಹೋಗುವುದು ಇಲ್ಲಿಂದಲೇ. ಸಾವಿರಗಟ್ಟಲೆ ಓಮ್ ಇರಬೇಕಾದ ಜಾಗ. ಶಾರ್ಟ್ ಖಚಿತ.

ಮತ್ತೊಬ್ಬರು: ಸುಮ್ನೆ ಹೀಟ್ ಗನ್ ಹಿಡಿದು ಬೋರ್ಡ್ ಪೂರ್ತಿ ಬಿಸಿ ಮಾಡಿ. ನನ್ನದು ಹಾಗೇ ಸರಿಹೋಯಿತು.

ಉತ್ತರ: ಎಷ್ಟು ದಿನ ಓಡಿತು ಅಂತಲೂ ಹೇಳಿ 🙂 ಎಲ್ಲಿ ಕೆಟ್ಟಿದೆ ಅಂತ ಗೊತ್ತಿಲ್ಲದೆ ಬಿಸಿ ಮಾಡಿದರೆ ಚೆನ್ನಾಗಿರುವ ಭಾಗಗಳೂ ಹಾಳಾಗುತ್ತವೆ, ಶಾರ್ಟ್ ಆದ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಪುಟ್ಟ ಭಾಗ) ಅಂತೂ ಬಿಸಿಗೆ ಸರಿಹೋಗುವುದಿಲ್ಲ.

ಇನ್ನೊಬ್ಬರು: ನನ್ನ ಬೋರ್ಡಿನಲ್ಲಿ ಪ್ರೊಸೆಸರ್ ಪಕ್ಕದ ಕಾಯಿಲ್‌ಗಳಲ್ಲಿ (ಒಳಗೆ ತಂತಿ ಸುರುಳಿ ಇರುವ ಭಾಗ) ಮೀಟರ್ ಬೀಪ್ ಅನ್ನುತ್ತದೆ. ಅದೂ ಶಾರ್ಟ್ ಅಲ್ವಾ?

ಉತ್ತರ: ಅಲ್ಲ! ಹೊಸಬರೆಲ್ಲ ಬೀಳುವ ಹಳ್ಳ ಇದು. ಪ್ರೊಸೆಸರಿನ ಲೈನ್‌ನಲ್ಲಿ ಒಂದೆರಡು ಓಮ್, ಕೆಲವು ಪ್ರೊಸೆಸರ್‌ಗಳಲ್ಲಿ ಒಂದಕ್ಕಿಂತ ಕಡಿಮೆಯೂ ಸಹಜ. ಬೀಪ್ ನಂಬಬೇಡಿ, ಓಮ್ ನೋಡಿ.

ಪ್ರಶ್ನೆ ಕೇಳಿದವರಿಗೂ ಇದೇ ಜಾಗ ಮುಖ್ಯ. ಮುಖ್ಯ ಲೈನ್‌ನಿಂದ ಆ ಕಾಯಿಲ್‌ಗಳಿಗೆ ನೇರವಾಗಿ ಅಳೆಯಿರಿ. ಕಡ್ಡಿಗಳ ಲೆಕ್ಕ ಕಳೆದು ಸೊನ್ನೆ ಬಂದರೆ ಮುಖ್ಯ ಲೈನ್ ಮತ್ತು ಕಾಯಿಲ್ ನಡುವಿನ ಮಾಸ್‌ಫೆಟ್ (ಜ್ಯಾಕ್ ಪಕ್ಕದ್ದಲ್ಲ) ಶಾರ್ಟ್ ಆಗಿದೆ, ಅಂದರೆ 19 ವೋಲ್ಟ್ ನೇರ ಪ್ರೊಸೆಸರಿಗೇ ಹೋಗಿರಬಹುದು, ಅದು ಕೆಟ್ಟ ಸುದ್ದಿ.

ಪ್ರಶ್ನೆ: ಅಳೆದೆ ಸರ್. ಒಂದು ಓಮ್‌ಗಿಂತ ಸ್ವಲ್ಪ ಜಾಸ್ತಿಯೇ ಬರುತ್ತಿದೆ, ಸೊನ್ನೆ ಅಲ್ಲ.

ಉತ್ತರ: ಒಳ್ಳೆಯದು, ಅದು ಶಾರ್ಟ್ ಮೂಲಕ ಗ್ರೌಂಡ್‌ಗೆ ಹೋಗಿ, ಅಲ್ಲಿಂದ ಪ್ರೊಸೆಸರ್ ಮೂಲಕ ಸುತ್ತಿಕೊಂಡು ಬರುತ್ತಿರುವ ಲೆಕ್ಕ. ಬಹುಶಃ ಯಾವುದೋ ಕೆಪಾಸಿಟರ್. ಯಾರ ಹತ್ತಿರವಾದರೂ ಬೆಂಚ್ ಪವರ್ ಸಪ್ಲೈ (ವೋಲ್ಟ್, ಆಂಪ್ ನಾವೇ ಹೊಂದಿಸಬಹುದಾದ ಸಾಧನ) ಇದ್ದರೆ ತನ್ನಿ. 1 ವೋಲ್ಟ್‌ಗೆ ಇಟ್ಟು, ಕರೆಂಟ್ ಮಿತಿ 2 ಆಂಪ್ ಮಾಡಿ, ಪಾಸಿಟಿವ್ ಆ ರೆಸಿಸ್ಟರಿಗೆ, ನೆಗೆಟಿವ್ ಗ್ರೌಂಡ್‌ಗೆ. 1 ವೋಲ್ಟ್ ಯಾಕೆ ಅಂದರೆ, ನಮ್ಮ ಅಂದಾಜು ತಪ್ಪಾಗಿ ಅದು ಪ್ರೊಸೆಸರಿಗೆ ಹೋದರೂ ಪ್ರೊಸೆಸರ್ ದಿನಾ ತಿನ್ನುವುದು ಸುಮಾರು ಅಷ್ಟನ್ನೇ. 19 ಕೊಟ್ಟು ಸಾಹಸ ಮಾಡಬೇಡಿ. ಬೋರ್ಡಿನ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಬ್ರಶ್ಶಿನಲ್ಲಿ ತೆಳ್ಳಗೆ ಸವರಿ, ಸಪ್ಲೈ ಆನ್ ಮಾಡಿ, ಶಾರ್ಟ್ ಆದ ಭಾಗ ಬಿಸಿಯಾಗುತ್ತದೆ, ಎಲ್ಲಿ ಮೊದಲು ಒಣಗುತ್ತದೆ ಅಂತ ಕಣ್ಣಿಟ್ಟು ನೋಡಿ. ಬೇಗ ಬೆಂಕಿ ಹಿಡಿಯುವ ದ್ರವ, ಕಿಟಕಿ ತೆಗೆದಿರಲಿ.

ಪ್ರಶ್ನೆ: ಸರ್ ಸಿಕ್ಕಿತು!! 1.6 ಆಂಪ್ ಎಳೆಯಿತು. ಮೊದಲ ಸಲ ಜಾಸ್ತಿ ಸುರಿದೆ, ಏನೂ ಕಾಣಲಿಲ್ಲ. ಎರಡನೇ ಸಲ ತೆಳ್ಳಗೆ ಸವರಿದೆ. ಒಂದು ಕಾಯಿಲ್ ಪಕ್ಕ ಸಾಲಾಗಿ ನಾಲ್ಕು ಕೆಪಾಸಿಟರ್ ಇವೆ, ಎಳ್ಳಿನ ಕಾಳಿನಷ್ಟು. ಮೂರನೆಯದರ ಸುತ್ತ ಮಾತ್ರ ಉಂಗುರದ ಹಾಗೆ ಒಣಗಿತು, ಉಳಿದದ್ದೆಲ್ಲ ಒದ್ದೆ. ನೋಡಲು ಬಿರುಕು, ಕಪ್ಪು ಏನೂ ಇಲ್ಲ. ಎರಡು ತುದಿಗೂ ಸೋಲ್ಡರ್ ಜಾಸ್ತಿ ಹಾಕಿ ಒಟ್ಟಿಗೆ ಕರಗಿಸಿ ತೆಗೆದೆ. ಈಗ ಅದೇ ಜಾಗದಲ್ಲಿ 40 ಕಿಲೋ ಓಮ್, ನಿಧಾನಕ್ಕೆ ಏರುತ್ತಿದೆ.

ಉತ್ತರ: ಏರುತ್ತಿರುವುದು ಉಳಿದ ಕೆಪಾಸಿಟರ್‌ಗಳು ತುಂಬಿಕೊಳ್ಳುತ್ತಿರುವುದರಿಂದ. ಸರಿಯಾಗಿದೆ. ಈಗ ಚಾರ್ಜರ್ ಹಾಕಿ. ಬಟನ್ ಒತ್ತುವ ಮೊದಲು ಹೀಟ್‌ಸಿಂಕ್ (ಪ್ರೊಸೆಸರಿನ ಬಿಸಿ ಎಳೆಯುವ ಲೋಹದ ಭಾಗ) ಕೂರಿಸಿ, ಅದಿಲ್ಲದೆ ಆನ್ ಮಾಡಲೇಬೇಡಿ.

ಪ್ರಶ್ನೆ: ಚಾರ್ಜರ್ ಲೈಟ್ ನಿಂತಿದೆ. ಬೋರ್ಡಿನಲ್ಲಿ ಇರಬೇಕಾದ 3.3, 5 ವೋಲ್ಟ್ ಎರಡೂ ಇವೆ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಆದರೆ ಸ್ಕ್ರೀನ್ ಕಪ್ಪು. ಹತ್ತು ಸೆಕೆಂಡು ನೋಡಿ ಆಫ್ ಮಾಡುತ್ತೇನೆ, ಐದಾರು ಸಲ ಮಾಡಿದೆ, ಅದೇ ಕಥೆ. ಕೊನೆಗೂ ಬಯೋಸ್ ಫ್ಲ್ಯಾಶ್ ಮಾಡಲೇಬೇಕಾ?

ಉತ್ತರ: ತಾಳಿ. ಬೋರ್ಡ್ ಹೊರಗೆ ತೆಗೆದಾಗ ಸಿಮೋಸ್ ಬ್ಯಾಟರಿ (ಗಡಿಯಾರ, ಸೆಟ್ಟಿಂಗ್ ಉಳಿಸುವ ಪುಟ್ಟ ಬ್ಯಾಟರಿ) ಕಿತ್ತಿದ್ದಿರಾ?

ಪ್ರಶ್ನೆ: ಹೌದು, ಈಗ ಮತ್ತೆ ಹಾಕಿದ್ದೇನೆ.

ಉತ್ತರ: ಅಲ್ಲೇ ಇದೆ ವಿಷಯ. ಅದನ್ನು ಕಿತ್ತರೆ ಉಳಿಸಿಟ್ಟ ಸೆಟ್ಟಿಂಗ್ ಎಲ್ಲಾ ಹೋಗಬಹುದು, ರ‍್ಯಾಮ್ ಅನ್ನು ಮೊದಲಿನಿಂದ ಪರೀಕ್ಷಿಸಿ ಹೊಂದಿಸಿಕೊಳ್ಳಬೇಕು. ಅಷ್ಟು ಹೊತ್ತೂ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ನೀವು ಪ್ರತಿ ಸಲ ಹತ್ತು ಸೆಕೆಂಡಿಗೆ ಅದರ ಕತ್ತು ಹಿಸುಕುತ್ತಿದ್ದೀರಿ. ಎರಡು ರ‍್ಯಾಮ್ ಇದ್ದರೆ ಒಂದನ್ನೇ ಇಡಿ, ಕ್ಲಿಪ್ ಟಕ್ ಅನ್ನುವವರೆಗೆ ಕೂರಿಸಿ, ಬಟನ್ ಒತ್ತಿ ಐದು ನಿಮಿಷ ಆ ಕಡೆ ಹೋಗಿಬಿಡಿ. ಫ್ಯಾನ್ ನಿಂತು ಮತ್ತೆ ತಿರುಗಿದರೂ ಮುಟ್ಟಬೇಡಿ.

ಪ್ರಶ್ನೆ: ಒಂದೂವರೆ ನಿಮಿಷಕ್ಕೆ ಬಂತು! ತಾರೀಖು, ಸಮಯ ತಪ್ಪಿದೆ ಅಂತ ಕೇಳಿತು, ಸರಿ ಮಾಡಿದೆ, ಒಳಗೆ ಹೋಯಿತು. ಎರಡನೇ ರ‍್ಯಾಮ್ ಕೂಡ ಹಾಕಿದೆ, ಓಡುತ್ತಿದೆ. ಸರ್, ತೆಗೆದ ಕೆಪಾಸಿಟರ್ ಜಾಗ ಖಾಲಿ ಬಿಡಬಹುದಾ?

ಉತ್ತರ: ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಓಡುತ್ತದೆ, ಆದರೆ ಉಳಿದ ಮೂರರ ಮೇಲೆ ಭಾರ ಜಾಸ್ತಿ. ಹಾಳಾದ ಬೋರ್ಡ್ ಯಾವುದಾದರೂ ಸಿಕ್ಕರೆ ಅದರ ಮುಖ್ಯ ಲೈನ್‌ನಿಂದಲೇ ಅದೇ ಅಳತೆಯ ಒಂದನ್ನು ಕಿತ್ತು ಹಾಕಿ. ಹೊಸದು ತಂದರೆ 25 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿಯದೇ ಇರಲಿ. 16 ವೋಲ್ಟಿನದು ನೋಡಲು ಹಾಗೇ ಇರುತ್ತದೆ, 19 ವೋಲ್ಟ್ ಲೈನಿಗೆ ಅದನ್ನು ಹಾಕಿದರೆ ಮತ್ತೆ ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತೀರಿ.